ತನ್ನವರಿಗಾಗಿ ಮೊರೆ: ಹೀಬ್ರೂ ಕೀರ್ತನೆಗಳು ನಡೆದು ಬಂದ ದಾರಿ

ಹೀಬ್ರೂ ಬೈಬಲ್ಲಿನ 150 ಕೀರ್ತನೆಗಳಲ್ಲಿ ಮತ್ತೆ ಮತ್ತೆ ಕೇಳಿಸುವುದು ‘ನನ್ನನ್ನು ಕಾಪಾಡು’ ಎಂಬ ಕೂಗು. ಬೇರೆಯವರಿಗಾಗಿ ಬೇಡುವ ಸಾಲುಗಳು ಕಡಿಮೆ. ಹಾಗಿದ್ದರೂ ಮನೆಯವರು ಹಾಸಿಗೆ ಹಿಡಿದಾಗ, ಯಾರಾದರೂ ಶತ್ರುಗಳ ಕೈಗೆ ಸಿಕ್ಕಿಬಿದ್ದಾಗ ಯೆಹೂದಿಗಳು ತೆರೆಯುವುದು ಇದೇ ಕೀರ್ತನೆಗಳ ಪುಸ್ತಕವನ್ನು. ಈ ರೂಢಿಯ ಬೇರು ಪುಸ್ತಕದೊಳಗೇ ಇದೆ.

60ನೇ ಕೀರ್ತನೆ ನೋಡಿ. ದಾವೀದ ರಾಜನ ಸೇನಾಪತಿ ಯೋವಾಬನು ಉಪ್ಪಿನ ಕಣಿವೆಯಲ್ಲಿ ನೆರೆನಾಡಿನ 12,000 ಎದೋಮ್ಯರನ್ನು ಹೊಡೆದನೆಂದು ಅದರ ತಲೆಬರಹ ಹೇಳುತ್ತದೆ. ಹಾಡು ಮಾತ್ರ ಸೋತು ಸುಣ್ಣವಾದವರದು. ನಮ್ಮನ್ನು ಕೈಬಿಟ್ಟೆ, ನೆಲ ನಡುಗಿಸಿದೆ, ತೂರಾಡುವಂತೆ ಮದ್ಯ ಕುಡಿಸಿದೆ ಎಂದು ದೇವರನ್ನೇ ದೂರುತ್ತದೆ. ಅದೇ ಉಸಿರಿನಲ್ಲಿ, ನಿನ್ನ ಪ್ರಿಯರು ಪಾರಾಗುವಂತೆ ಬಲಗೈ ಚಾಚು ಎಂದೂ ಬೇಡುತ್ತದೆ. ಆಪತ್ತಿನಲ್ಲಿರುವವರು ನಿನ್ನವರೇ ಅಂದಮೇಲೆ ಹೊಣೆಯೂ ನಿನ್ನದೇ, ಅಲ್ವಾ? ಇಷ್ಟು ಸಲುಗೆಯ ಮೊರೆ ನನಗೆ ಬಹಳ ಹಿಡಿಸುತ್ತದೆ.

108ನೇ ಕೀರ್ತನೆಯಲ್ಲಿ ಈ ಸಾಲುಗಳು ಮತ್ತೆ ಬರುತ್ತವೆ. ದೂರಿನ ಭಾಗ ಅಲ್ಲಿಲ್ಲ. ಆ ಜಾಗದಲ್ಲಿ 57ನೇ ಕೀರ್ತನೆಯ ಸ್ತುತಿ ಇದೆ. ಹಳೆಯ ಮೊರೆಯನ್ನು ಹೊಸ ಹೊತ್ತಿಗೆ ಹೊಂದಿಸಿಕೊಳ್ಳುವ ಕೆಲಸ ಆಗಲೇ ಶುರುವಾಗಿತ್ತು. 20ನೇ ಕೀರ್ತನೆಯಲ್ಲಿ ಜನ ತಮ್ಮ ರಾಜನ ಗೆಲುವಿಗಾಗಿ ಬೇಡುತ್ತಾರೆ. 35ರಲ್ಲಿ ಒಬ್ಬನು ಕಾಯಿಲೆ ಬಿದ್ದವರಿಗಾಗಿ ಗೋಣಿತಟ್ಟು ಉಟ್ಟು ಉಪವಾಸ ಮಾಡಿದ್ದನ್ನು ನೆನೆಯುತ್ತಾನೆ. ಅವರೇ ಆಮೇಲೆ ಅವನ ಮೇಲೆ ತಿರುಗಿಬಿದ್ದರು.

ಮೃತ ಸಮುದ್ರದ ಬಳಿ ಹಳೆಯ ಬರಹದ ಸುರುಳಿಗಳು ಸಿಕ್ಕ ಗುಹೆಗಳಲ್ಲಿ 11ನೆಯದು 1956ರಲ್ಲಿ ಪತ್ತೆಯಾಯಿತು. ಅಲ್ಲಿನ ಸುರುಳಿಯೊಂದರಲ್ಲಿ, ದೆವ್ವ ಬಿಡಿಸುವ ಹಾಡುಗಳ ಜೊತೆಗೆ 91ನೇ ಕೀರ್ತನೆಯೂ ಇದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಕೀರ್ತನೆ ಸಂಕಟದಲ್ಲಿರುವವರ ನೆರವಿಗೆ ಬಂದಿತ್ತು.

ಮುಂದೆ ಇದರ ಜೊತೆ ಹೆಸರೂ ಸೇರಿತು. 119ನೇ ಕೀರ್ತನೆಯಲ್ಲಿ ಹೀಬ್ರೂವಿನ 22 ಅಕ್ಷರಗಳಿಗೆ ತಲಾ 8 ವಚನಗಳಿವೆ. ಕಾಯಿಲೆಯವರ ಹೆಸರಿನ ಅಕ್ಷರಗಳಿಗೆ ಸೇರಿದ ವಚನಗಳನ್ನು ಓದುವ ರೂಢಿ ಬೆಳೆಯಿತು. ದಾನ್ ಎಂಬ ಹೆಸರಿಗೆ ಹೀಬ್ರೂವಿನಲ್ಲಿ ಎರಡೇ ಅಕ್ಷರ, ಹಾಗಾಗಿ 16 ವಚನ. ಪ್ರಾರ್ಥನೆಯಲ್ಲಿ ರೋಗಿಯ ಹೆಸರಿನ ಜೊತೆ ತಾಯಿಯ ಹೆಸರನ್ನೂ ಹೇಳುತ್ತಾರೆ.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 250 ಜನರನ್ನು ಗಾಜಾಕ್ಕೆ ಒತ್ತೆಯಾಳುಗಳಾಗಿ ಒಯ್ದಾಗಲೂ ಹೀಗೇ ಆಯಿತು. ಲೋಕದ ನಾನಾ ಕಡೆ ಯೆಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಲ್ಲಿ 121, 130, 142ನೇ ಕೀರ್ತನೆಗಳನ್ನು ಓದಿದರು. ಒತ್ತೆಯಾಳುಗಳ ಹೆಸರು, ಅವರ ತಾಯಂದಿರ ಹೆಸರು ಕೂಗಿದರು. 142ನೆಯದು ಗುಹೆಯಲ್ಲಿ ಅಡಗಿದ್ದ ದಾವೀದನ ಪ್ರಾರ್ಥನೆ ಎನ್ನುತ್ತದೆ ಅದರ ತಲೆಬರಹ. ಸೆರೆಯಿಂದ ನನ್ನನ್ನು ಬಿಡಿಸು ಎಂದು ಅವನು ತನಗಾಗಿ ಬೇಡಿಕೊಂಡಿದ್ದ. ಈಗ ಅದೇ ಮಾತನ್ನು ಹೊರಗಿದ್ದವರು ಒಳಗಿದ್ದವರ ಪರವಾಗಿ ಹೇಳಿದರು.