ಹನ್ನೊಂದೂವರೆ ಕೆ ಅನ್ನೋದು ಪವರ್ ಅಲ್ಲ

"ಮಾಮಾ, ಹಳೇ ಪಿಕಪ್ಪು ಹತ್ರತ್ರ ಹನ್ನೊಂದೂವರೆ ಕೆ ಐತಿ. ಈ ಸಲ ಹದಿನೈದು ಕೆ ಇರೋದು ತರ್ಸೋಣೇನು? ಪವರ್ ಜಾಸ್ತಿ ಬರ್ತೈತಿ."

ಕೇಳಿದವನು ನನ್ನ ತಂಗಿಯ ಮಗ. ಬಳ್ಳಾರಿ ಸುತ್ತಮುತ್ತಲ ಮದುವೆ, ಜಾತ್ರೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಬೇಸ್ ಗಿಟಾರ್ ನುಡಿಸುತ್ತಾನೆ. ಅವನದು 1957ರ ಫೆಂಡರ್ ಪ್ರಿಸಿಷನ್ ಬೇಸ್ ನೋಡಿ ಮಾಡಿದ ಹಳೇ ಮಾದರಿ. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡುವ, ಮ್ಯಾಗ್ನೆಟ್ ಮತ್ತು ವೈರಿನ ಸುರುಳಿ ಇರುವ ಭಾಗ. ಇವನದು ಎರಡು ತುಂಡು. ದಪ್ಪ ತಂತಿ ಎರಡಕ್ಕೆ ಒಂದು, ತೆಳು ತಂತಿ ಎರಡಕ್ಕೆ ಇನ್ನೊಂದು. ಒಂದರೊಳಗೆ ವೈರು ಕಡಿದಿತ್ತು. ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಹಾಗಾಗಿ ಇಡೀ ಗಿಟಾರೇ ಮೂಕವಾಗಿತ್ತು. ಚೆನ್ನಾಗಿದ್ದ ತುಂಡಿಗೆ ಮೀಟರ್ ಹಿಡಿದಾಗ 5.7 ಕಿಲೋ ಓಮ್, ಅವನ ಬಾಯಲ್ಲಿ 5.7 'ಕೆ', ತೋರಿಸಿತು. ಅದನ್ನು ಎರಡರಿಂದ ಗುಣಿಸಿಕೊಂಡಿದ್ದ.

ಈ 'ಕೆ' ಹುಚ್ಚು ಕಂಡರೆ ನನಗೆ ತಡೆಯೋಕಾಗಲ್ಲ. ಓಮ್ ಹೇಳುವುದು ವೈರಿನೊಳಗೆ ಕರೆಂಟ್ ಹರಿಯಲು ಎಷ್ಟು ಕಷ್ಟ ಅನ್ನುವುದನ್ನು ಮಾತ್ರ. ಸುರುಳಿ ಎಷ್ಟು ಸಿಗ್ನಲ್ ಹುಟ್ಟಿಸುತ್ತದೆ ಅನ್ನುವುದು ಬೇರೆಯೇ ಮಾತು. ಬೋರ್‌ವೆಲ್‌ನಿಂದ ಹೊಲಕ್ಕೆ ಎಳೆದ ಪೈಪಿನ ಉದ್ದ ಅಳೆದು, ಮೋಟರ್ ಎಷ್ಟು ನೀರೆತ್ತುತ್ತದೆ ಅಂತ ಹೇಳಿದರೆ ಯಾವ ರೈತ ಒಪ್ಪುತ್ತಾನೆ? ಜೀನ್ಸ್ ಹೊಲಿಯುವ ನಮ್ಮೂರಿನಲ್ಲಿ ಬಾಬಿನ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಪಿಕಪ್ಪಿನ ಸುರುಳಿ ಸುತ್ತುವ ಅಚ್ಚಿಗೂ ಬಾಬಿನ್ ಅಂತಲೇ ಹೆಸರು. ಬಾಬಿನ್‌ನಲ್ಲಿ ದಾರ ಎಷ್ಟಿದೆ ಅಂತ ನೋಡಿ ಪ್ಯಾಂಟಿನ ಹೊಲಿಗೆ ಗಟ್ಟಿಯೋ ಅಲ್ವೋ ಅಂತ ಹೇಳಲಾಗುತ್ತದೆಯೇ?

ಆ ವೈರು 0.063 ಮಿಲಿಮೀಟರ್ ದಪ್ಪ. ಕೂದಲಿನ ಹಾಗೆ. ಎರಡೂ ತುಂಡಿನದು ಬಿಚ್ಚಿದರೆ ಎರಡು ಕಿಲೋಮೀಟರ್ ಹತ್ತಿರ ಬರುತ್ತದೆ! ಅಷ್ಟೇ ಸುತ್ತನ್ನು ಇನ್ನೂ ತೆಳು ವೈರಿನಲ್ಲಿ ಸುತ್ತಿ ನೋಡಿ. ಮಾಮೂಲಿ ಪಿಕಪ್ಪಿನಲ್ಲಿ ಹತ್ತೂವರೆ ಕೆ ಇದ್ದದ್ದು ಹದಿಮೂರು ದಾಟುತ್ತದೆ. ಸಿಗ್ನಲ್ ಮಾತ್ರ ಜಾಸ್ತಿ ಆಗುವುದಿಲ್ಲ.

ಇನ್ನೊಂದು ವಿಷಯ ನಮ್ಮ ಊರಿಗೇ ಸೇರಿದ್ದು. ಹುಡುಗ ಅಳೆದದ್ದು ಮೇ ತಿಂಗಳ ಮಧ್ಯಾಹ್ನ, ತಗಡಿನ ಶೀಟಿನ ಕೋಣೆಯಲ್ಲಿ. ಅಲ್ಲಿ 42 ಡಿಗ್ರಿ ಇತ್ತು. ತಾಮ್ರ ಬಿಸಿಯಾದಂತೆ ಅದರ ಓಮ್ ಏರುತ್ತದೆ, ಡಿಗ್ರಿಗೆ ಶೇಕಡಾ 0.39ರಷ್ಟು. ಮರುದಿನ ನಸುಕಿನಲ್ಲಿ, 28 ಡಿಗ್ರಿ ಇದ್ದಾಗ, ಅದೇ ತುಂಡನ್ನು ಮತ್ತೆ ಅಳೆಯಲು ಹೇಳಿದೆ. 5.4 ಬಂತು. 20 ಡಿಗ್ರಿಗೆ ಲೆಕ್ಕ ಹಾಕಿದರೆ ಎರಡೂ ಸೇರಿ ಹತ್ತೂವರೆ. ಅಂದರೆ ಅವನ ಪಿಕಪ್ ತೀರಾ ಮಾಮೂಲಿ. ಹೆಚ್ಚುವರಿ ಒಂದು 'ಕೆ' ಬಳ್ಳಾರಿ ಬಿಸಿಲು ಕೊಟ್ಟದ್ದು!

ಹಾಗಾದರೆ ಸದ್ದು ಹುಟ್ಟುವುದು ಎಲ್ಲಿಂದ? ಪಿಕಪ್ ಮೈಕಿನ ಹಾಗೆ ಗಾಳಿಯ ಸದ್ದು ಕೇಳಿಸಿಕೊಳ್ಳುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಅದರ ಮ್ಯಾಗ್ನೆಟ್ ಮೇಲಿನ ಉಕ್ಕಿನ ತಂತಿಯನ್ನೂ ಮ್ಯಾಗ್ನೆಟ್ ಮಾಡಿಬಿಡುತ್ತದೆ. ಆ ತಂತಿ ಕಂಪಿಸಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಅಲುಗಾಡುತ್ತದೆ, ವೋಲ್ಟೇಜ್ ಹುಟ್ಟುತ್ತದೆ. ನೈಲಾನ್ ತಂತಿ ಹಾಕಿದರೆ ಎಷ್ಟು ಜೋರಾಗಿ ಮೀಟಿದರೂ ಪಿಕಪ್ಪಿಗೆ ಏನೂ ಗೊತ್ತಾಗದು. ಸಂಡೂರಿನ ಕೆಂಪು ಅದಿರಿನಲ್ಲೂ ಕಬ್ಬಿಣವೇ ಇದೆ. ಆದರೆ ಅದು ಹೆಮಟೈಟ್, ಮ್ಯಾಗ್ನೆಟ್ಟಿಗೆ ಹಾಗೆ ಅಂಟಿಕೊಳ್ಳುವುದಿಲ್ಲ. ಹಳ್ಳದ ಮರಳಿನಲ್ಲಿ ಮಕ್ಕಳು ಮ್ಯಾಗ್ನೆಟ್ ಎಳೆದಾಗ ಮೆತ್ತಿಕೊಳ್ಳುವ ಕರಿ ಪುಡಿ ಮ್ಯಾಗ್ನೆಟೈಟ್. ಎರಡರಲ್ಲೂ ಕಬ್ಬಿಣ, ಸ್ವಭಾವ ಮಾತ್ರ ಎಷ್ಟು ಬೇರೆ!

ಈ ತತ್ವವನ್ನು ಫ್ಯಾರಡೆ ಕಂಡದ್ದು 1831ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 1931ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಬೋಶಾಂಪ್ ಬಾಣಲೆ ಆಕಾರದ ಎಲೆಕ್ಟ್ರಿಕ್ ಗಿಟಾರ್ ಮಾಡಿದ. ಅದೇ ವರ್ಷ ಜಪಾನಿನಲ್ಲಿ ಟೊಕುಶಿಚಿ ಮಿಶಿಮಾ ಕಬ್ಬಿಣ, ನಿಕಲ್, ಅಲ್ಯೂಮಿನಿಯಂ ಬೆರೆಸಿ ಹೊಸ ಮ್ಯಾಗ್ನೆಟ್ ಲೋಹ ಕಂಡುಹಿಡಿದ. ಅದಕ್ಕೆ ಮುಂದೆ ಕೋಬಾಲ್ಟ್ ಕೂಡ ಸೇರಿ ಆಲ್ನಿಕೊ ಆಯಿತು. ಇವತ್ತು ಹಳೇ ಮಾದರಿ ಪಿಕಪ್ಪಿನಲ್ಲಿ ಹುಡುಕುವುದು ಅದನ್ನೇ.

ಸುತ್ತು ಜಾಸ್ತಿ ಮಾಡಿದರೆ ಸದ್ದು ಜೋರಾಗುತ್ತದೆ, ನಿಜ. ಅದಕ್ಕೊಂದು ಬೆಲೆ ಇದೆ. ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಹಗ್ಗ ಉದ್ದವಾದಷ್ಟೂ ಜೋಕಾಲಿ ನಿಧಾನವಾಗಿ ತೂಗುತ್ತದೆ. ಸುರುಳಿ ಮತ್ತು ಗಿಟಾರಿನ ಕೇಬಲ್ ಸೇರಿದಾಗ ಅದಕ್ಕೂ ತನ್ನದೇ ಒಂದು ತೂಗು ಇರುತ್ತದೆ. ಆ ವೇಗದ ಸ್ವರಗಳು ಎದ್ದು ಕೇಳುತ್ತವೆ, ಅದಕ್ಕಿಂತ ಮೇಲಿನವು ಅಡಗುತ್ತವೆ. ಸುತ್ತು ಜಾಸ್ತಿಯಾದಷ್ಟೂ ತೂಗು ನಿಧಾನ, ತಂತಿಯ 'ಟಣ್' ಮಾಯ. ಕೇಬಲ್ ಉದ್ದವಾದರೂ ಇದೇ ಕಥೆ. ಪಿಕಪ್ ಮಂಕು ಅಂತ ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಯಾವ ಪಿಕಪ್ ತರಿಸಬೇಕು ಅಂತ ಗುರುತು ಹಿಡಿಯುವ ಕೆಲಸ ಮೀಟರಿಗಿಂತ ಮೊದಲು ಸ್ಕೇಲಿನದು. ಉದ್ದನೆ ಒಂದೇ ಪಟ್ಟಿ, ನಾಲ್ಕು ಕಂಬ (ತಂತಿಯ ಕೆಳಗಿನ ಪುಟ್ಟ ಮ್ಯಾಗ್ನೆಟ್ ಕಡ್ಡಿ) ಇದ್ದರೆ 1951ರ ಮಾದರಿ. ಒಂದು ತುಸು ಹಿಂದೆ, ಒಂದು ತುಸು ಮುಂದೆ ಕೂತ ಎರಡು ತುಂಡಾದರೆ 1957ರದು. ಸಪೂರ ಪಟ್ಟಿ ಎರಡಿದ್ದರೆ 1960ರ ಜಾಝ್ ಬೇಸಿನದು. ಇದರ ಎರಡು ಪಟ್ಟಿಗಳ ಉದ್ದ ಒಂದೇ ಇರುವುದಿಲ್ಲ, ಸುಮಾರು ಮೂರು ಮಿಲಿಮೀಟರ್ ವ್ಯತ್ಯಾಸ. ಅಳೆಯದೆ ತರಿಸಿದವರು ಆಮೇಲೆ ಮರ ಕೆತ್ತುತ್ತಾ ಕೂತಿದ್ದನ್ನು ನೋಡಿದ್ದೇನೆ. ಸ್ಕ್ರೂ ತೂತಿನ ಜಾಗ, ಗುಂಡಿಯ ಆಳ, ಕಂಬದಿಂದ ಕಂಬಕ್ಕೆ ದೂರ, ಇವನ್ನೂ ಬರೆದುಕೊಳ್ಳಿ.

ರಿವೈಂಡಿಂಗ್ ಮಿಸ್ತ್ರಿಯಿಂದಲೇ ಸುತ್ತಿಸುವವರಿಗೆ ಒಂದು ಎಚ್ಚರಿಕೆ. ಗಿಟಾರಿನವರು ಆ 0.063 ವೈರಿಗೆ 42 ಗೇಜ್ (ದಪ್ಪದ ನಂಬರು) ಅನ್ನುವುದು ಅಮೆರಿಕದ ಲೆಕ್ಕ. ನಮ್ಮ ಮೋಟರ್ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಲೆಕ್ಕ. ಇಲ್ಲಿ 42 ಕೇಳಿದರೆ 0.1 ಮಿಲಿಮೀಟರ್ ವೈರು ಕೊಡುತ್ತಾರೆ. ಅರ್ಧ ಸುತ್ತುವ ಮೊದಲೇ ಬಾಬಿನ್ ತುಂಬಿಬಿಡುತ್ತದೆ. ಹತ್ತಿರದ ಅಳತೆ ಬೇಕಾದರೆ 46 ಕೇಳಬೇಕು.

ನಾವು ಕೊನೆಗೆ ತರಿಸಿದ್ದು ಆಲ್ನಿಕೊ 5 ಮ್ಯಾಗ್ನೆಟ್ಟಿನ, ಹತ್ತೂವರೆ ಕೆ ಆಸುಪಾಸಿನ ಜೋಡಿ. ಹುಡುಗ ತಾನೇ ಬೆಸುಗೆ ಹಾಕಿದ. ಸದ್ದು ಬಂತು. ಜೊತೆಗೆ 'ಹುಂ' ಅನ್ನುವ ಗೊರಗೊರವೂ ಬಂತು. ಅದು ಸುತ್ತಲಿನ ಕರೆಂಟ್ ವೈರುಗಳಿಂದ ಬರುವುದು. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ. ಬೇಸಿನ ದಪ್ಪ ತಂತಿ 41.2, ಮುಂದಿನದು 55. ಆ ಹುಂಕಾರ ಎರಡರ ನಡುವೆ ಬಂದು ಕೂರುತ್ತದೆ. ದಪ್ಪ ತಂತಿಯ ಮೂರನೇ ಮನೆಯ ಸ್ವರ 49 ಹರ್ಟ್ಸ್. ಆಂಪ್ಲಿಫೈಯರಿನ ಬೇಸ್ ನಾಬ್ ಇಳಿಸಿ ಹುಂಕಾರ ಕತ್ತರಿಸಹೋದರೆ ಹಾಡೂ ಹೋಗುತ್ತದೆ.

ಎರಡು ತುಂಡು ಮಾಡಿದ ಜಾಣತನ ಇರುವುದು ಇಲ್ಲೇ. ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ, ಮ್ಯಾಗ್ನೆಟ್ಟೂ ಉಲ್ಟಾ. ಹೊರಗಿನ ಗೊರಗೊರಕ್ಕೆ ಮ್ಯಾಗ್ನೆಟ್ ಯಾವ ಕಡೆಗಿದ್ದರೂ ಒಂದೇ. ಹಾಗಾಗಿ ಅದು ಎರಡು ಸುರುಳಿಯಲ್ಲಿ ಎದುರಾಬದುರು ಬಂದು ಅಳಿಸಿಹೋಗುತ್ತದೆ. ತಂತಿಯ ಸಿಗ್ನಲ್ ಎರಡು ಸಲ ಉಲ್ಟಾ ಆಗಿ ಮತ್ತೆ ನೆಟ್ಟಗಾಗುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ.

ಶಾಲೆ ಮಕ್ಕಳ ದಿಕ್ಸೂಚಿ ಹಿಡಿದು ನೋಡಿದೆವು. ಒಂದು ತುಂಡಿಗೆ ಮುಳ್ಳಿನ ಉತ್ತರದ ತುದಿ ತಿರುಗಿತು, ಇನ್ನೊಂದಕ್ಕೆ ದಕ್ಷಿಣದ್ದು. ಅಂದರೆ ಮ್ಯಾಗ್ನೆಟ್ ಸರಿಯಿದೆ, ವೈರು ಅದಲುಬದಲಾಗಿದೆ. ಒಂದು ತುಂಡಿನ ಎರಡು ವೈರನ್ನು ಬಿಚ್ಚಿ ತಿರುಗಿಸಿ ಹಾಕಿದ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು, ಆಂಪ್ಲಿಫೈಯರ್ ಸುಮ್ಮನಾಯಿತು.