ಝುವೋಜ್‌ನ ಬಿರುಕು, ಸಾಲ್ಗಿನಾದ ಕಮಾನು

ಸ್ವಿಟ್ಜರ್ಲೆಂಡಿನ ಝುವೋಜ್ ಊರಲ್ಲಿ ಇನ್ ನದಿಗೆ ಎಂಜಿನಿಯರ್ ರಾಬರ್ಟ್ ಮಯಾರ್ 1901ರಲ್ಲಿ ಕಾಂಕ್ರೀಟ್ ಸೇತುವೆ ಕಟ್ಟಿದ. ಕೆಳಗೆ ಕಮಾನಿನಂತೆ ಬಾಗಿದ ಸ್ಲ್ಯಾಬು, ಮೇಲೆ ರಸ್ತೆಯ ಸ್ಲ್ಯಾಬು, ನಡುವೆ ಗೋಡೆಗಳು; ಮೂರೂ ಸೇರಿ ಒಂದು ಟೊಳ್ಳು ಪೆಟ್ಟಿಗೆ. ಎರಡು ವರ್ಷದೊಳಗೆ ದಡದ ಹತ್ತಿರದ ಗೋಡೆಗಳಲ್ಲಿ ಉದ್ದುದ್ದ ಬಿರುಕು ಬಿಟ್ಟವು.

ಬಿರುಕು ಕಂಡ ಕೂಡಲೇ ಸಿಮೆಂಟ್ ಹಾಲು ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಮಯಾರ್ ಬೇರೆ ಲೆಕ್ಕ ಹಾಕಿದ. ಗೋಡೆ ಒಡೆದರೂ ಸೇತುವೆ ಭಾರ ಹೊರುತ್ತಿದೆ ಎಂದರೆ ಅಲ್ಲಿ ಗೋಡೆಗೆ ಕೆಲಸವೇ ಇಲ್ಲ. ದಡದ ಬಳಿ ಒತ್ತಡವೆಲ್ಲ ಕೆಳಗಿನ ಕಮಾನಿನಲ್ಲೇ ಹರಿಯುತ್ತದೆ. 1905ರ ತವನಾಸಾ ಸೇತುವೆಯಲ್ಲಿ ಆ ಗೋಡೆಯ ತುಂಡನ್ನೇ ತೆಗೆದುಬಿಟ್ಟ. ಆ ಸೇತುವೆ 1927ರ ಭೂಕುಸಿತಕ್ಕೆ ಕೊಚ್ಚಿಹೋಯಿತು, ವಿನ್ಯಾಸದ ತಪ್ಪಿನಿಂದಲ್ಲ.

ಶಿಯರ್ಸ್-ಶೂಡರ್ಸ್ ರಸ್ತೆಯ ಸಾಲ್ಗಿನಾ ಕಣಿವೆಗೆ 1928ರ ಸ್ಪರ್ಧೆಯಲ್ಲಿ 19 ವಿನ್ಯಾಸ ಬಂದವು. ಗೆದ್ದದ್ದು ಮಯಾರ್‌ನದು, ಎಲ್ಲಕ್ಕಿಂತ ಅಗ್ಗದ್ದು. ಕಮಾನಿನ ಹರವು 90 ಮೀಟರ್, ಬುಡದಿಂದ ನೆತ್ತಿಗೆ ಏರು ಸುಮಾರು 13 ಮೀಟರ್. ಎರಡು ಬುಡದಲ್ಲಿ, ಒಂದು ನೆತ್ತಿಯಲ್ಲಿ, ಹೀಗೆ ತುಸು ತಿರುಗಬಲ್ಲ ಮೂರು ಕೀಲು. ಕೀಲಿನಲ್ಲಿ ಬಾಗುವಿಕೆ ಸೊನ್ನೆ, ಹಾಗಾಗಿ ಅಲ್ಲಿ ಕಮಾನು ತೆಳು. ಲಾರಿ ಅರ್ಧ ಸೇತುವೆಯ ಮೇಲಷ್ಟೇ ಇದ್ದಾಗ ಬಾಗುವಿಕೆ ಹೆಚ್ಚುವುದು ಕಾಲುಭಾಗದ ಜಾಗಗಳಲ್ಲಿ. ಪೆಟ್ಟಿಗೆ ಆಳವಾಗಿರುವುದೂ ಅಲ್ಲೇ. ಬುಡದಲ್ಲಿ ಕಮಾನಿನ ಅಗಲ 6 ಮೀಟರ್, ನೆತ್ತಿಗೆ ಬರುವಷ್ಟರಲ್ಲಿ 3.5; ಅಡ್ಡಗಾಳಿ ತಡೆಯಲು ಬುಡದ ಆ ಅಗಲ ಬೇಕು. ಸೇತುವೆಯ ಪ್ರತಿ ಮೀಟರಿಗೆ ಒಂದು ಟನ್ ಭಾರ ಹರಡಿದರೆ ಪ್ರತಿ ಬುಡ ಹೊರಕ್ಕೆ ತಳ್ಳುವುದು ಸುಮಾರು 78 ಟನ್, ಕೆಳಕ್ಕೆ ಒತ್ತುವುದು 45. ಬಂಡೆ ಸಿಗದ ದಡದಲ್ಲಿ ಇಂಥ ಚಪ್ಪಟೆ ಕಮಾನಿಗೆ ಕೈಹಾಕಬಾರದು.

ದುಬಾರಿ ಬಾಬತ್ತು ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ತಾತ್ಕಾಲಿಕ ಚೌಕಟ್ಟು. ರಿಚರ್ಡ್ ಕೊರಾಯ್ ಮರದಲ್ಲಿ ಕಟ್ಟಿದ ಆ ಚೌಕಟ್ಟು ಹೊತ್ತದ್ದು ತೆಳುವಾದ ಕಮಾನು ಸ್ಲ್ಯಾಬನ್ನು ಮಾತ್ರ. ಅದು ಗಟ್ಟಿಯಾದ ಮೇಲೆ ಗೋಡೆಯ, ರಸ್ತೆಯ ಕಾಂಕ್ರೀಟನ್ನು ಕಮಾನೇ ಹೊತ್ತಿತು. ಒಂದೇ ಸಲಕ್ಕೆ ಎಲ್ಲ ಸುರಿಯುವುದಾದರೆ ಮರದ ಖರ್ಚು ಎಷ್ಟೋ ಏರುತ್ತಿತ್ತು. 1930ರಲ್ಲಿ ರಸ್ತೆ ತೆರೆಯಿತು.

1997-98ರ ದುರಸ್ತಿಯಲ್ಲಿ ಅಂಚಿನ ತಡೆಗೋಡೆ ಹೊಸದಾಯಿತು, ರಸ್ತೆಗೆ ನೀರು ಇಳಿಯದ ಪದರ ಬಂತು. ಹಳೆಯ ಮೇಲ್ಮೈಯನ್ನು ನೀರಿನ ಜೋರು ಧಾರೆಯಿಂದ ಕೆರೆದು ಶಾಟ್‌ಕ್ರೀಟ್ (ರಭಸದಿಂದ ಸಿಂಪಡಿಸುವ ಕಾಂಕ್ರೀಟ್) ಹೊಡೆದರು. ಇಂಥ ಹಳೆಯ ಸೇತುವೆಗಳಲ್ಲಿ ಭಾರಕ್ಕಿಂತ ನೀರೇ ಹೆಚ್ಚು ಕಾಡುವುದು. ನೋಡಲು ಹೋದವರು ಮೊದಲು ಕೆಳಗಿಳಿದು ನೀರ್ಕೊಳವೆಗಳ ಬಾಯಿ ನೋಡಬೇಕು. ಅದರ ಪಕ್ಕ ಬಿಳಿ ಸುಣ್ಣದ ಗೆರೆ ಇಳಿದಿದ್ದರೆ ನೀರು ಕೊಳವೆ ಬಿಟ್ಟು ಕಾಂಕ್ರೀಟಿನೊಳಗಿಂದ ಬರುತ್ತಿದೆ.