ಉಳ್ಳಾಗಡ್ಡಿ ಪ್ರಶ್ನೆಗೆ ವಿದೇಶಾಂಗ ಸಚಿವರು ಉತ್ತರ ಕೊಡಬೇಕಾ?

ಪ್ರಶ್ನೆ: "ಸಂಸತ್ತಿನಾಗ ವಿದೇಶಾಂಗ ಸಚಿವರಿಗೆ ಪ್ರಶ್ನೆ ಕೇಳೋದನ್ನ ಟಿವಿಯಾಗ ನೋಡ್ತೀನ್ರಿ. ಅರ್ಧ ಪ್ರಶ್ನೆ ಹೊರದೇಶದ್ದು, ಅರ್ಧ ನಮ್ಮ ದೇಶದ ಒಳಗಿಂದು. ಉಳ್ಳಾಗಡ್ಡಿ ರಫ್ತು, ಮೆಡಿಕಲ್ ಸೀಟು, ಪಾಸ್‌ಪೋರ್ಟ್, ಎಲ್ಲಾದಕ್ಕೂ ಅವರೇ ಉತ್ತರ ಕೊಡಬೇಕೇನ್ರಿ? ಕೊಟ್ಟರ ನಮ್ಮಂಥವರಿಗೆ ಏನು ಉಪಯೋಗ?" ಗದಗ ಕಡೆಯ ಓದುಗರೊಬ್ಬರು ಹೀಗೆ ಕೇಳಿದ್ದಾರೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇನ್ನೂ ಹಲವರು ಕೇಳುತ್ತಲೇ ಇರುತ್ತಾರೆ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ತಮ್ಮ ಖಾತೆಗೆ ಸೇರಿದ ಪ್ರಶ್ನೆಗೆ ಸಚಿವರು ಉತ್ತರ ಕೊಡಬೇಕು. ಬೇರೆ ಖಾತೆಯದ್ದಾದರೆ ಅದು ಆ ಖಾತೆಗೇ ಹೋಗುತ್ತದೆ. ಹೇಳುವುದಕ್ಕೆ ಇಷ್ಟು ಸುಲಭ. ಆದರೆ ನಮ್ಮ ಭಾಗದ ಜನಕ್ಕೆ ತಾಗುವ ಎಷ್ಟೋ ಸಂಗತಿಗಳು ಎರಡು ಮೂರು ಖಾತೆಗಳ ನಡುವೆ ಹಂಚಿಹೋಗಿರುತ್ತವೆ. ಪ್ರಶ್ನೆಯನ್ನು ಸರಿಯಾದ ಕಡೆ ಕೇಳದಿದ್ದರೆ ಉತ್ತರವೂ ಸಿಗುವುದಿಲ್ಲ.

2022ರ ಮಾರ್ಚ್ 1 ನೆನಪಿದೆಯಾ? ಉಕ್ರೇನಿನ ಖಾರ್ಕಿವ್ ಊರಲ್ಲಿ ಶೆಲ್ ದಾಳಿಗೆ ಸಿಕ್ಕಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ ದಿನ ಅದು. ತಿನ್ನಲು ಏನಾದರೂ ತರೋಣ ಅಂತ ಹೊರಗೆ ಬಂದು ಸಾಲಿನಲ್ಲಿ ನಿಂತಿದ್ದ ಹುಡುಗ. ಆ ವಾರ ಧಾರವಾಡ, ಹಾವೇರಿ, ಗದಗ ಎಲ್ಲಿ ಹೋದರೂ ಅದೇ ಮಾತು. ಮೃತದೇಹ ಬೆಂಗಳೂರಿಗೆ ಬಂದಿದ್ದು ಮಾರ್ಚ್ 21ಕ್ಕೆ. ತಂದೆ ತಾಯಿ ಅದನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಇದನ್ನು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಅದೇ ಮಾರ್ಚ್ 15ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಸಂಸತ್ತಿನಲ್ಲಿ ಹೇಳಿಕೆ ಕೊಟ್ಟರು. 'ಆಪರೇಷನ್ ಗಂಗಾ'ದಲ್ಲಿ ಸುಮಾರು 22,500 ಭಾರತೀಯರು ಮರಳಿದ್ದಾರೆ, 90 ವಿಮಾನ ಹಾರಿವೆ, ಅದರಲ್ಲಿ 14 ವಾಯುಪಡೆಯವು ಎಂಬ ಲೆಕ್ಕ ಸದನದ ದಾಖಲೆಗೆ ಸೇರಿತು. ಇಲ್ಲಿಯವರೆಗೆ ಎಲ್ಲವೂ ಅವರದೇ ಖಾತೆಯ ಕೆಲಸ. ಹೊರದೇಶದಲ್ಲಿ ಸಿಕ್ಕಿಬಿದ್ದ ನಮ್ಮವರನ್ನು ಕರೆತರುವುದು ರಾಯಭಾರ ಕಚೇರಿಗಳ ಹೊಣೆ.

ಮಕ್ಕಳು ಮನೆಗೆ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಓದು ಮುಂದೇನು? ಹೊಲ ಮಾರಿ, ಸಾಲ ಮಾಡಿ ಕಳಿಸಿದವರ ಮನೆಯಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಏಪ್ರಿಲ್ 6ರಂದು ಲೋಕಸಭೆಯಲ್ಲಿ ಉಕ್ರೇನ್ ಚರ್ಚೆಗೆ ಉತ್ತರ ಕೊಡುವಾಗ ಜೈಶಂಕರ್ ಇದನ್ನೂ ಮುಟ್ಟಿದರು. ಮೂರನೇ ವರ್ಷದಿಂದ ನಾಲ್ಕನೇ ವರ್ಷಕ್ಕೆ ಹೋಗುವ ಪರೀಕ್ಷೆಯಲ್ಲಿ ಉಕ್ರೇನ್ ಸರ್ಕಾರ ಸಡಿಲಿಕೆ ಕೊಟ್ಟಿದೆ, ಹಂಗೇರಿ, ರೊಮೇನಿಯಾ, ಕಜಕಿಸ್ತಾನ, ಪೋಲೆಂಡ್ ಜೊತೆ ಮಾತು ನಡೆದಿದೆ ಎಂದರು. ಗಮನಿಸಿ, ಇವೆಲ್ಲ ಇನ್ನೊಂದು ದೇಶದ ಜೊತೆ ಮಾತಾಡಿ ಆಗುವ ಕೆಲಸ.

ಆದರೆ ನಮ್ಮ ಪಾಲಕರು ಕೇಳುತ್ತಿದ್ದುದು ಬೇರೆ. ಇಲ್ಲೇ, ಭಾರತದ ಕಾಲೇಜಿನಲ್ಲೇ ಸೀಟು ಕೊಡಿ ಅಂತ. ಅದು ವಿದೇಶಾಂಗ ಸಚಿವರ ಕೈಯಲ್ಲಿ ಇಲ್ಲ. ಆರೋಗ್ಯ ಸಚಿವಾಲಯ ಮತ್ತು ರಾಷ್ಟ್ರೀಯ ವೈದ್ಯಕೀಯ ಆಯೋಗದ ವಿಷಯ. 2022ರ ಜುಲೈನಲ್ಲಿ ಆರೋಗ್ಯ ಸಚಿವಾಲಯ ಸಂಸತ್ತಿಗೆ ಉತ್ತರ ಕೊಟ್ಟಿತು: ವಿದೇಶಿ ಕಾಲೇಜಿನ ವಿದ್ಯಾರ್ಥಿಗಳನ್ನು ಇಲ್ಲಿನ ಕಾಲೇಜುಗಳಿಗೆ ವರ್ಗಾಯಿಸಲು ಕಾನೂನಿನಲ್ಲಿ ಅವಕಾಶ ಇಲ್ಲ. ಸೆಪ್ಟೆಂಬರ್‌ನಲ್ಲಿ ಆಯೋಗ ಒಂದು ದಾರಿ ತೆರೆಯಿತು. ಉಕ್ರೇನಿನ ಕಾಲೇಜಿನ ಪದವಿಯೇ ಉಳಿದು, ಬೇರೆ ದೇಶದ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಓದಬಹುದು ಎಂದಿತು. ಉತ್ತರ ಕಹಿಯಾಗಿತ್ತು, ಒಪ್ಪುತ್ತೇನೆ. ಆದರೂ ಜುಲೈನ ಆ ಎರಡು ಸಾಲು ಬಂದ ಮೇಲೆ, ಇಲ್ಲಿ ಸೀಟು ಸಿಕ್ಕೇ ಸಿಗುತ್ತದೆ ಅಂತ ಕಾಯುತ್ತಿದ್ದ ಮನೆಗಳಿಗೆ ವಸ್ತುಸ್ಥಿತಿ ಗೊತ್ತಾಯಿತು. ಒಂದೇ ಸಂಕಟಕ್ಕೆ ಎರಡು ಖಾತೆ, ಎರಡು ಉತ್ತರ.

ಇನ್ನು ಉಳ್ಳಾಗಡ್ಡಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು. ಡಿಸೆಂಬರ್ 8ರಿಂದ ರಫ್ತನ್ನೇ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆಯಿತು. ಆದರೆ ಟನ್ನಿಗೆ 550 ಡಾಲರ್‌ಗಿಂತ ಕಮ್ಮಿ ಬೆಲೆಗೆ ಕಳಿಸುವಂತಿರಲಿಲ್ಲ, ಶೇ. 40 ಸುಂಕವೂ ಇತ್ತು. ಸೆಪ್ಟೆಂಬರ್‌ನಲ್ಲಿ ಆ ಕನಿಷ್ಠ ಬೆಲೆ ಹೋಯಿತು, ಸುಂಕ ಶೇ. 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕವೂ ಹೋಯಿತು. ಗದಗದ ಎಪಿಎಂಸಿಗೆ ಚೀಲ ತಂದು ಹಾಕುವ ರೈತನಿಗೆ ಇದೆಲ್ಲ ಮೇಲಿನಿಂದ ಬಿದ್ದ ಕಲ್ಲಿನಂತೆ. ಯಾರು ಎಸೆದರು ಅಂತ ಗೊತ್ತಾಗುವುದಿಲ್ಲ.

ಎಸೆದವರು ಒಬ್ಬರಲ್ಲ. ರಫ್ತಿನ ಅಧಿಸೂಚನೆ ವಾಣಿಜ್ಯ ಸಚಿವಾಲಯದ್ದು. ಸುಂಕ ಹಣಕಾಸು ಸಚಿವಾಲಯದ್ದು. ಪೇಟೆಯಲ್ಲಿ ಬೆಲೆ ಏರಿತು ಅಂತ ನೋಡುವುದು, ದಾಸ್ತಾನು ಮಾಡುವುದು ಗ್ರಾಹಕ ವ್ಯವಹಾರಗಳ ಇಲಾಖೆಯದ್ದು. ಹಾಗಾದರೆ ವಿದೇಶಾಂಗ ಸಚಿವರ ಪಾಲು ಎಲ್ಲಿ? ನಿಷೇಧ ಇದ್ದಾಗಲೇ, 2024ರ ಮಾರ್ಚ್ 1ರಂದು ಸರ್ಕಾರ ಬಾಂಗ್ಲಾದೇಶಕ್ಕೆ 50,000 ಟನ್, ಯುಎಇಗೆ 14,400 ಟನ್ ಕಳಿಸಲು ಒಪ್ಪಿಗೆ ಕೊಟ್ಟಿತು. ಬಾಗಿಲು ಹಾಕಿದ ಮೇಲೂ ಯಾವ ದೇಶಕ್ಕೆ ಕಿಟಕಿ ತೆರೆಯಬೇಕು ಅನ್ನುವುದರಲ್ಲಿ ರಾಜತಾಂತ್ರಿಕತೆ ಇದೆ. ಹಾಗಾಗಿ "ನಿಷೇಧ ಯಾಕೆ ಹಾಕಿದಿರಿ" ಅಂತ ವಿದೇಶಾಂಗ ಸಚಿವರನ್ನು ಕೇಳಿದರೆ ಪ್ರಶ್ನೆ ಬೇರೆ ಖಾತೆಗೆ ಹೋಗುತ್ತದೆ. "ಯಾವ ದೇಶಗಳು ಉಳ್ಳಾಗಡ್ಡಿ ಬೇಕು ಅಂತ ಮನವಿ ಮಾಡಿದವು, ಅದಕ್ಕೆ ನೀವು ಏನು ಹೇಳಿದಿರಿ" ಅಂತ ಕೇಳಿದರೆ ಅವರದೇ ಹೊಣೆ. ಪ್ರಶ್ನೆ ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ.

ಪಾಸ್‌ಪೋರ್ಟ್ ಮಾತ್ರ ನೇರವಾಗಿ ಅವರ ಖಾತೆಯದ್ದು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಪ್ರಶ್ನೆಯನ್ನು ವಿದೇಶಾಂಗ ಸಚಿವರಿಗೇ ಕೇಳಬೇಕು. ಆದರೂ ಇಲ್ಲೊಂದು ತೊಡಕಿದೆ. ನಮ್ಮ ಚಿಕ್ಕಪ್ಪನ ಮಗನ ಪಾಸ್‌ಪೋರ್ಟ್ ಒಮ್ಮೆ ವಾರಗಟ್ಟಲೆ ತಡವಾಯಿತು. ಕೇಂದ್ರದಲ್ಲಿ ಎಲ್ಲ ಸರಿಯಾಗಿತ್ತು. ಪೊಲೀಸ್ ಪರಿಶೀಲನೆ ಒಂದು ಠಾಣೆಯಲ್ಲಿ ನಿಂತಿತ್ತು. ಪೊಲೀಸ್ ರಾಜ್ಯದ ವಿಷಯ. ಮುಖ್ಯವಾಗಿ ರಾಜ್ಯ ಸರ್ಕಾರಕ್ಕೆ ಸೇರಿದ್ದನ್ನು ಸಂಸತ್ತಿನ ಪ್ರಶ್ನೆಯಲ್ಲಿ ಕೇಳುವಂತಿಲ್ಲ ಎಂದು ನಿಯಮವೇ ಇದೆ. ಆ ಠಾಣೆಯ ಬಗ್ಗೆ ಕೇಳಬೇಕಾದರೆ ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು.

ಈಗ ಈ ಪ್ರಶ್ನೆಗಳು ನಡೆಯುವ ಬಗೆ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ 2014ರ ಕೊನೆಯಿಂದ ಮಧ್ಯಾಹ್ನ 12ಕ್ಕೆ. ಯಾವ ದಿನ ಯಾವ ಖಾತೆ ಅಂತ ಮೊದಲೇ ಗೊತ್ತಾಗಿರುತ್ತದೆ. ಈಚಿನ ಅಧಿವೇಶನಗಳಲ್ಲಿ ವಿದೇಶಾಂಗಕ್ಕೆ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ. ಜೈಶಂಕರ್ ಗುಜರಾತಿನಿಂದ ರಾಜ್ಯಸಭೆಗೆ ಆಯ್ಕೆಯಾದವರು. ಆದರೂ ಸಂವಿಧಾನದ 88ನೇ ವಿಧಿಯಂತೆ ಸಚಿವರು ಎರಡೂ ಸದನಗಳಲ್ಲಿ ಮಾತಾಡಬಹುದು. ನಮ್ಮ ಎಸ್. ಎಂ. ಕೃಷ್ಣ ಅವರು 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದಾಗಲೂ ರಾಜ್ಯಸಭೆಯ ಸದಸ್ಯರೇ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನದ್ದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲೆ ಪೂರಕ ಪ್ರಶ್ನೆಗಳನ್ನೂ ಎದುರಿಸಬೇಕು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20. ಎಲ್ಲ 20 ಒಂದು ಗಂಟೆಯಲ್ಲಿ ಮುಗಿಯುವುದು ತೀರಾ ಅಪರೂಪ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ, ದಿನಕ್ಕೆ 230. ಟಿವಿಯಲ್ಲಿ ನಾವು ನೋಡುವುದು ಆ 20ರಲ್ಲಿ ಒಂದೆರಡನ್ನು, ಅದೂ ಜಗಳ ಆದಾಗ. ನನ್ನ ಮಟ್ಟಿಗೆ ಜಾಸ್ತಿ ಬೆಲೆ ಇರುವುದು ಆ 230ಕ್ಕೆ. ಅಲ್ಲಿ ಭಾಷಣ ಇರುವುದಿಲ್ಲ. ಸಂಖ್ಯೆ, ವರ್ಷ, ದೇಶದ ಹೆಸರು ಇರುತ್ತದೆ. ಗಲ್ಫ್‌ಗೆ ಕೆಲಸಕ್ಕೆ ಹೋದವರ ದೂರು ಎಷ್ಟು, ಹೊರದೇಶದ ಜೈಲುಗಳಲ್ಲಿ ನಮ್ಮವರು ಎಷ್ಟು ಎಂಬ ಲೆಕ್ಕ ಹೊರಬರುವುದು ಹೆಚ್ಚಾಗಿ ಇಂಥ ಉತ್ತರಗಳಿಂದಲೇ.

ಸಚಿವರು ನುಣುಚಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಕೆಲವು ಸಲ ಹೌದು. ವಿದೇಶಾಂಗದಲ್ಲಿ ಇದು ಇನ್ನೂ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಇನ್ನೊಂದು ದೇಶದ ಜೊತೆ ಮಾತುಕತೆ ನಡೆದಿರುವಾಗ ಎಲ್ಲವನ್ನೂ ಬಿಚ್ಚಿಡಲಾಗುವುದಿಲ್ಲ. ಸ್ನೇಹದ ದೇಶವೊಂದನ್ನು ಅಗೌರವದಿಂದ ಹೇಳುವ ಪ್ರಶ್ನೆಯನ್ನು ಲೋಕಸಭೆಯ ನಿಯಮ ಒಪ್ಪುವುದಿಲ್ಲ. ಸಚಿವರ ಅಭಿಪ್ರಾಯ ಕೇಳುವಂತಿಲ್ಲ, ಮಾಹಿತಿ ಮಾತ್ರ ಕೇಳಬೇಕು. ಪ್ರಶ್ನೆ 150 ಪದ ದಾಟಬಾರದು. ಆದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಸಚಿವರು ಹೇಳಿದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅದು ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತಾ ಇಲ್ಲವಾ ಅಂತ ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ.

ಕೇಳುವ ಅವಕಾಶವೇ ಇಲ್ಲದ ದಿನಗಳೂ ಬಂದಿವೆ. 1962ರ ಚೀನಾ ಯುದ್ಧದ ಹೊತ್ತಿನ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆ ಇರಲಿಲ್ಲ. ಆಗ ಪ್ರಧಾನಿಯೂ ವಿದೇಶಾಂಗ ಸಚಿವರೂ ನೆಹರೂ ಒಬ್ಬರೇ. 2020ರ ಮುಂಗಾರು ಅಧಿವೇಶನದಲ್ಲಿ ಕೊರೊನಾ ಕಾರಣಕ್ಕೆ ಮತ್ತೆ ಅದನ್ನು ಬಿಟ್ಟರು. ಲಿಖಿತ ಉತ್ತರ ಮಾತ್ರ ಉಳಿಯಿತು. ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟ ವರ್ಷ ಅದು. ಎದ್ದು ನಿಂತು ಪೂರಕ ಪ್ರಶ್ನೆ ಕೇಳುವ ಆ ಒಂದು ಗಂಟೆ ಬೇಕೇ ಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ನಮ್ಮ ಜಿಲ್ಲೆಗಳ ಮಟ್ಟಿಗೆ ಒಂದು ಮಾತು ಮುಖ್ಯ. ಸಚಿವರಾಗಿರುವ ಸಂಸದರು ಪ್ರಶ್ನೆ ಕೇಳುವುದಿಲ್ಲ, ಅವರು ಉತ್ತರ ಕೊಡುವ ಕಡೆ ಕೂತಿರುತ್ತಾರೆ. ಧಾರವಾಡ ಕ್ಷೇತ್ರದ ಪ್ರಲ್ಹಾದ ಜೋಶಿ 2019ರಲ್ಲಿ ಕೇಂದ್ರ ಸಚಿವರಾದರು. 2024ರ ಜೂನ್‌ನಲ್ಲಿ ಅವರಿಗೆ ಬಂದಿದ್ದರಲ್ಲಿ ಗ್ರಾಹಕ ವ್ಯವಹಾರಗಳ ಖಾತೆಯೂ ಒಂದು. ಅಂದರೆ ಉಳ್ಳಾಗಡ್ಡಿ ಬೆಲೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ ಅವರು. ಗದಗ, ರೋಣ, ಶಿರಹಟ್ಟಿ ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. 2024ರಲ್ಲಿ ಅಲ್ಲಿಂದ ಗೆದ್ದವರು ಬಸವರಾಜ ಬೊಮ್ಮಾಯಿ. ನೀವು ಆ ಕಡೆಯವರಾದರೆ ನಿಮ್ಮ ಪ್ರಶ್ನೆ ಅವರ ಮೂಲಕ ಹೋಗಬಹುದು. ಕರ್ನಾಟಕದ ರಾಜ್ಯಸಭಾ ಸದಸ್ಯರಿಗೂ ಬರೆಯಬಹುದು. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಕೊಟ್ಟ ಉತ್ತರಗಳೆಲ್ಲ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲೂ ಬೇರೆ ಪುಟ ಇದೆ. ಕಾಸು ಕೊಡಬೇಕಿಲ್ಲ, ಅರ್ಜಿ ಬೇಕಿಲ್ಲ. ಒಂದೇ ಕೊರತೆ, ಅವು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ. ಕನ್ನಡದಲ್ಲಿ ಓದುವ ರೈತನಿಗೆ, ಮಗನನ್ನು ಗಲ್ಫ್‌ಗೆ ಕಳಿಸಿದ ತಾಯಿಗೆ ಅವು ತಲುಪುವುದೇ ಇಲ್ಲ. ನಮ್ಮ ಭಾಗಕ್ಕೆ ತಾಗುವ ಉತ್ತರಗಳನ್ನಾದರೂ ಸ್ಥಳೀಯ ಪತ್ರಿಕೆಗಳು ಕನ್ನಡಕ್ಕೆ ತಂದು ಹಾಕಬೇಕು ಎಂದು ನಾನು ಕಳಕಳಿಯಿಂದ ಕೇಳುತ್ತೇನೆ. ಪ್ರತಿ ಅಧಿವೇಶನದಲ್ಲಿ ಒಂದು ಪುಟ ಸಾಕು.

ಸಂಸದರಿಗೆ ಪತ್ರ ಬರೆಯುವುದಾದರೆ ದೂರು ಬರೆಯಬೇಡಿ, ಪ್ರಶ್ನೆ ಬರೆಯಿರಿ. ಯಾವ ಖಾತೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದೇಶ ಅಂತ ಬಿಡಿಸಿ ಹೇಳಿ. "ಉಳ್ಳಾಗಡ್ಡಿ ರೈತರಿಗೆ ಅನ್ಯಾಯ ಆಗಿದೆ" ಅಂತ ಬರೆದರೆ ಅದು ಫೈಲಿನಲ್ಲಿ ಉಳಿಯುತ್ತದೆ. "2023ರ ಡಿಸೆಂಬರ್‌ನಿಂದ 2024ರ ಮೇವರೆಗೆ ಯಾವ ದೇಶಕ್ಕೆ ಎಷ್ಟು ಟನ್ ಹೋಯಿತು, ಅದನ್ನು ಯಾವ ರಾಜ್ಯದಿಂದ ಕೊಂಡರು" ಅಂತ ಬರೆದರೆ ಸಚಿವಾಲಯ ಲೆಕ್ಕ ತೆಗೆಯಬೇಕಾಗುತ್ತದೆ. ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನ ಮೊದಲು ಸೂಚನೆ ಕೊಡಬೇಕು, ಬಂದ ರಾಶಿಯಲ್ಲಿ ಚೀಟಿ ಎತ್ತಿ ಆರಿಸುತ್ತಾರೆ. ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಪತ್ರ ತಲುಪಿಸಿ. ಚಳಿಗಾಲದ ಅಧಿವೇಶನ ಹೆಚ್ಚಾಗಿ ಮೂರು ವಾರ ನಡೆದರೆ ದೊಡ್ಡದು. ಅದು ಶುರುವಾದ ಮೇಲೆ ಕೊಟ್ಟ ಪತ್ರ ಮುಂದಿನ ಅಧಿವೇಶನಕ್ಕೇ ಹೋಗುತ್ತದೆ.